ಲಾಲ್‌ಬಾಗಿನ ಮಾಲಿ ಕ್ರುಂಬಿಗಲ್

ಪ್ರತಿವರ್ಷ ಜನವರಿ ತಿಂಗಳಲ್ಲಿ ನಮ್ಮ ಪುಣೆಯ ಎಂಪ್ರೆಸ್ ಗಾರ್ಡನ್ನಿನಲ್ಲಿ ಪುಷ್ಪಪ್ರದರ್ಶನ ನಡೆಯುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ರೇಸ್ ಕೋರ್ಸಿನ ಸಮೀಪದ ಆ ತೋಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಕನ್ನಡಿಗರು ಬೆಂಗಳೂರಿನ ಲಾಲ್‌ಬಾಗಿನ ಮಾತೆತ್ತದೆ ಮನೆಗೆ ಹಿಂದಿರುಗುವುದು ಅಪರೂಪ. ಗಾಜಿನ ಮನೆ, ಕೆಂಪೇಗೌಡನ ಗೋಪುರ ನಿಂತ ಬಂಡೆ, ಕೆರೆಯ ಏರಿ, ಇವುಗಳನ್ನೆಲ್ಲ ನೆನೆಯುತ್ತೇವೆ. ಆದರೆ ಆ ತೋಟಕ್ಕೆ ಇಂದಿನ ರೂಪವನ್ನು ಕೊಟ್ಟವರಾರು ಎಂದು ಮಕ್ಕಳು ಕೇಳಿದರೆ ಹೈದರ್ ಅಲಿಯ ಹೆಸರನ್ನು ಹೇಳಿ ಸುಮ್ಮನಾಗುತ್ತೇವೆ. ಹೈದರನು 1760ರಲ್ಲಿ ತೋಟಕ್ಕೆ ಅಡಿಪಾಯ ಹಾಕಿದುದು ನಿಜವೇ. ಆದರೆ ಅಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು, ತೋಟದ ಸೊಬಗನ್ನು ಊರಿನ ಬೀದಿಬೀದಿಗೂ ಹಂಚಿದ ಇನ್ನೊಬ್ಬರಿದ್ದರು. ಅವರೇ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಅವರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಾವು ಬ್ಯಾಂಕಿನ ಗುಮಾಸ್ತರು. ಸಸ್ಯಶಾಸ್ತ್ರ ನಮ್ಮ ವಿಷಯವಲ್ಲ. ಹೀಗಿದ್ದೂ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ನಾವು ವಾಸಿಸುವ ಕಟ್ಟಡದ ಅಂಗಳದಲ್ಲಿ ಒಂದು ಹುಲ್ಲುಹಾಸಿದೆ. ಅದನ್ನು ನೋಡಿಕೊಳ್ಳುವ ಮಾಲಿಯೊಬ್ಬರಿದ್ದಾರೆ. ಎರಡು ವರ್ಷಗಳ ಕಾಲ ನಾವು ಅವರೊಡನೆ ಹರಕುಮುರುಕು ಮರಾಠಿಯಲ್ಲಿ ಮಾತನಾಡಿದೆವು. ಅವರೂ ತಮಗೆ ಬಂದಷ್ಟು ಮರಾಠಿಯಲ್ಲಿಯೇ ಉತ್ತರ ಕೊಟ್ಟರು. ಕಳೆದ ಬೇಸಿಗೆಯಲ್ಲಿ ನೀರಿಗೆ ತತ್ವಾರವಾದಾಗ, ಹುಲ್ಲನ್ನು ತೆಗೆದು ಸಿಮೆಂಟಿನ ಕಲ್ಲು ಹಾಸಬೇಕೆಂಬ ಸೂಚನೆ ನಿವಾಸಿಗಳ ಸಭೆಗೆ ಬಂತು. ಹಲವರೊಡನೆ ನಾವೂ ಕೈಯೆತ್ತಿದೆವು. ಅಂತಿಮ ನಿರ್ಣಯ ಮುಂದಿನ ಸಭೆಗೆ ಹೋಯಿತು. ಮರುದಿನ ಬೆಳಿಗ್ಗೆ ಅದೇ ಮಾಲಿ ಊರಿನವರೊಡನೆ ಮೊಬೈಲಿನಲ್ಲಿ ಮಾತನಾಡುತ್ತಿದ್ದುದು ನಮ್ಮ ಕಿವಿಗೆ ಬಿತ್ತು. ಅದು ಅಚ್ಚ ವಿಜಾಪುರದ ಕಡೆಯ ಕನ್ನಡ! ಪುಣೆಯಲ್ಲಿ ಕನ್ನಡ ಕೇಳಿಸದೆಂದು ವರ್ಷಕ್ಕೊಮ್ಮೆ ಈ ಸಂಚಿಕೆಯಲ್ಲಿ ಕೊರಗುವ ನಾವು, ನಮ್ಮ ಬಾಗಿಲಲ್ಲಿಯೇ ಇದ್ದ ಕನ್ನಡಿಗರನ್ನು ಎರಡು ವರ್ಷ ಗುರುತಿಸಲಿಲ್ಲ. ಅವರ ಅನ್ನಕ್ಕೆ ಕಲ್ಲು ಹಾಕಲು ಕೈಯನ್ನೂ ಎತ್ತಿದ್ದೆವು. ಆ ನಾಚಿಕೆಯೇ ನಮ್ಮನ್ನು ಕ್ರುಂಬಿಗಲ್ಲರ ಬಳಿಗೆ ಕರೆದೊಯ್ದಿತು. ಏಕೆಂದರೆ ಅವರೂ ತಮ್ಮ ಊರನ್ನು ಬಿಟ್ಟು ದೂರದೇಶಕ್ಕೆ ಹೊಟ್ಟೆಪಾಡಿಗಾಗಿ ಹೋಗಿ, ಪರರ ತೋಟದಲ್ಲಿ ಪಾತಿ ಮಾಡಿ ಬದುಕು ಕಟ್ಟಿಕೊಂಡವರೇ.

ಕ್ರುಂಬಿಗಲ್ಲರು ಜನಿಸಿದುದು 1865ನೆಯ ಇಸವಿ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಅವರು ತೋಟಗಾರಿಕೆಯನ್ನು ಕಲಿತುದು ಎಲ್ಬೆ ನದಿಯ ದಡದ ಪಿಲ್ನಿಟ್ಸ್ ಎಂಬಲ್ಲಿ. ಅಲ್ಲಿ ಸ್ಯಾಕ್ಸನಿಯ ಅರಸರ ಬೇಸಿಗೆಯ ಅರಮನೆಯೂ ಅದಕ್ಕೆ ಸೇರಿದ ಉದ್ಯಾನವೂ ಇವೆ. ಆ ಉದ್ಯಾನದಲ್ಲಿ ಜಪಾನ್ ದೇಶದ ಕೆಮೀಲಿಯಾ ಎಂಬ ಹೂಗಿಡವನ್ನು 1801ರಲ್ಲಿ ನೆಟ್ಟರು. ಅದು ಇಂದಿಗೂ ಬದುಕಿದೆ. ಈಗ ಗಿಡವಲ್ಲ, ಮರವೇ ಆಗಿದೆ. ಜರ್ಮನಿಯ ಹಿಮವನ್ನು ಅದು ತಡೆಯಲಾರದು. ಆದುದರಿಂದ ಪ್ರತಿ ಚಳಿಗಾಲದಲ್ಲಿಯೂ ಅದಕ್ಕೊಂದು ಮನೆಯನ್ನೇ ಹೊದಿಸಿ ಬೆಚ್ಚಗೆ ಕಾಪಾಡುವ ವಾಡಿಕೆ ಅಲ್ಲಿದೆ. ಪರದೇಶದ ಗಿಡವೂ ಆರೈಕೆ ದೊರೆತರೆ ಬೇರುಬಿಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಳೆಯ ಮಾಲಿಗೆ ಬೇರೆಲ್ಲಿ ಸಿಕ್ಕೀತು?

ಕಲಿಕೆ ಮುಗಿದ ಮೇಲೆ ಅವರು ಹ್ಯಾಂಬರ್ಗ್ ಮೊದಲಾದ ಕಡೆ ಕೆಲಸ ಮಾಡಿದರು. ಆದರೆ ಅವರ ಕಣ್ಣು ಇಂಗ್ಲೆಂಡಿನ ಕ್ಯೂ ಉದ್ಯಾನದ ಮೇಲಿತ್ತು. ನಮ್ಮಲ್ಲಿ ಸಂಗೀತ ಕಲಿತವರಿಗೆ ಮೈಸೂರು ಅರಮನೆಯ ದರ್ಬಾರು ಹೇಗೋ ಆ ಕಾಲದ ತೋಟಗಾರರಿಗೆ ಕ್ಯೂ ಹಾಗೆ. ಅವರು ಊರುಬಿಟ್ಟು ಲಂಡನ್ನಿಗೆ ಹೋದರು. ಅಲ್ಲಿ ಅವರಿಗೆ ದೊರೆತುದು ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರಚಿಸುವ ಕೆಲಸ.

ಆ ಕೆಲಸದ ಸ್ವರೂಪವನ್ನು ಕೊಂಚ ವಿವರಿಸುವುದು ಉಚಿತ. ಹೈಡ್ ಪಾರ್ಕು ಸುಮಾರು 350 ಎಕರೆಯ ಬಯಲು. ಹುಲ್ಲು ಕತ್ತರಿಸುವ ಯಂತ್ರವನ್ನು ಎಡ್ವಿನ್ ಬಡಿಂಗ್ ಎಂಬ ಆಂಗ್ಲನು 1830ರಲ್ಲಿ ಕಂಡುಹಿಡಿದಿದ್ದನು. ಬಟ್ಟೆಯ ಗಿರಣಿಯಲ್ಲಿ ಬಟ್ಟೆಯ ಮೇಲಿನ ನೂಲೆಳೆಗಳನ್ನು ಸವರುವ ಯಂತ್ರವೇ ಅವನಿಗೆ ಮಾದರಿಯಾಯಿತು. ಅದಕ್ಕೆ ಮೊದಲು ಮಾಲಿಗಳು ನಸುಕಿನಲ್ಲೆದ್ದು, ಇಬ್ಬನಿ ಆರುವುದರೊಳಗೆ ಉದ್ದನೆಯ ಕುಡುಗೋಲಿನಿಂದ ಹುಲ್ಲು ಸವರಬೇಕಾಗಿತ್ತು. ದೊಡ್ಡ ಬಯಲುಗಳಲ್ಲಿ ಯಂತ್ರವನ್ನು ಕುದುರೆಯಿಂದ ಎಳೆಸುತ್ತಿದ್ದರು. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಿರಲೆಂದು ಕುದುರೆಯ ಕಾಲಿಗೆ ಚರ್ಮದ ಜೋಡು ತೊಡಿಸುತ್ತಿದ್ದರೆಂದರೆ ನಮ್ಮವರು ನಗಬಹುದು! ಇನ್ನು ಹೂವಿನ ಪಾತಿಗಳು: ಗಾಜಿನ ಮನೆಗಳಲ್ಲಿ ಸಾವಿರಾರು ಸಸಿಗಳನ್ನು ಎಬ್ಬಿಸಿ, ಹಿಮದ ಭಯ ಕಳೆದ ಮೇಲೆ ಹೊರಗೆ ನೆಡಬೇಕು. ಒಬ್ಬ ದಾರ ಹಿಡಿಯುವನು, ಒಬ್ಬ ಗೂಟ ಹೊಡೆಯುವನು, ಒಬ್ಬ ಮೊಣಕಾಲೂರಿ ನೆಡುವನು, ಒಬ್ಬ ನೀರುಣಿಸುವನು. ಶರತ್ಕಾಲ ಬಂದೊಡನೆ ಎಲ್ಲವನ್ನೂ ಕಿತ್ತು ಬರುವ ವಸಂತಕ್ಕಾಗಿ ಗೆಡ್ಡೆಗಳನ್ನು ಹೂಳಬೇಕು. ಸಂಜೆಯ ಹೊತ್ತಿಗೆ ಬೆನ್ನು ನೆಟ್ಟಗಾಗುವುದಿಲ್ಲ. ಹಾದುಹೋಗುವ ಸಾವಿರ ಮಂದಿ ಹೂವನ್ನು ನೋಡುತ್ತಾರೆ, ನೆಟ್ಟವನ ಮುಖವನ್ನು ನೋಡುವವರಿಲ್ಲ.

ಹೀಗೆ ಹೈಡ್ ಪಾರ್ಕಿನಿಂದ ಕ್ಯೂ ಉದ್ಯಾನಕ್ಕೆ ಅವರಿಗೆ ಪ್ರವೇಶ ದೊರೆಯಿತು. ಕ್ಯೂವಿನಲ್ಲಿ ಎಳೆಯ ತೋಟಗಾರರು ಹಗಲೆಲ್ಲ ಮೈಮುರಿದು ದುಡಿದು, ಸಂಜೆ ಉಪನ್ಯಾಸಗಳನ್ನು ಕೇಳುವ ಪದ್ಧತಿಯಿತ್ತು. ಕೈಗೆ ಮಣ್ಣು ಮೆತ್ತದೆ ತಲೆಗೆ ವಿದ್ಯೆ ಹತ್ತುವಂತಿರಲಿಲ್ಲ. ಈ ಕ್ರಮ ಕ್ರುಂಬಿಗಲ್ಲರ ಮನಸ್ಸಿನಲ್ಲಿ ನೆಟ್ಟುದನ್ನು ಮುಂದೆ ಬೆಂಗಳೂರಿನಲ್ಲಿ ಕಾಣುತ್ತೇವೆ.

1893ರಲ್ಲಿ ಅವರು ಭರತಖಂಡಕ್ಕೆ ಬಂದರು. ಕರೆಸಿಕೊಂಡವರು ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು. ಈ ಮಹಾರಾಜರ ಪರಿಚಯವನ್ನು ಪುಣೆಯವರಿಗೆ ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ನಾಸಿಕ ಜಿಲ್ಲೆಯ ಕವಳಾಣೆ ಎಂಬ ಗ್ರಾಮದ ರೈತಮನೆಯಲ್ಲಿ ಹುಟ್ಟಿ, ದತ್ತಕದಿಂದ ಗಾದಿಗೇರಿ, 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದವರು ಅವರು. ಅಂತಹ ದೊರೆಯ ಆಶ್ರಯದಲ್ಲಿ ಕ್ರುಂಬಿಗಲ್ಲರು ಬರೋಡಾದ ಉದ್ಯಾನಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡು ಸುಮಾರು ಹದಿನಾಲ್ಕು ವರ್ಷ ದುಡಿದರು. ನಮ್ಮ ದೇಶದ ಬಿಸಿಲು, ಮಳೆ, ಮಣ್ಣುಗಳ ಪರಿಚಯ ಅವರಿಗೆ ಆದುದು ಅಲ್ಲಿಯೇ.

ಹುಲ್ಲಿನ ವಿಷಯವನ್ನೇ ನೋಡೋಣ. ವಿಲಾಯಿತಿಯ ಹುಲ್ಲು ನಮ್ಮ ಬೇಸಿಗೆಗೆ ಸುಟ್ಟುಹೋಗುತ್ತದೆ. ಇಲ್ಲಿ ಹುಲ್ಲುಹಾಸಿಗೆ ಒಗ್ಗಿದ್ದು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಬೇಸಿಗೆಯಲ್ಲಿ ನೆಲವನ್ನು ಒಂದಡಿ ಅಗೆದು, ಜೇಕಿನ ಗೆಡ್ಡೆಗಳು ಒಣಗುವಂತೆ ಬಿಸಿಲಿಗೆ ಬಿಡಬೇಕು. ಕೊಳೆತ ಗೊಬ್ಬರ ಬೆರೆಸಿ ಮಟ್ಟ ಮಾಡಬೇಕು. ಮೊದಲ ಮಳೆ ಬಿದ್ದಮೇಲೆ ಗರಿಕೆಯ ಬೇರುತುಂಡುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ಊರಿ, ಉರುಳೆ ಎಳೆದು, ಕುಕ್ಕರುಗಾಲಿನಲ್ಲಿ ಕೂತು ಖುರ್ಪಿಯಿಂದ ದಿನವೂ ಕಳೆ ತೆಗೆಯಬೇಕು. ನೋಡುವವರಿಗೆ ಅದು ಬರಿಯ ಹುಲ್ಲು; ಮಾಡುವವರಿಗೆ ಒಂದು ಮಳೆಗಾಲದ ಮೈಮುರಿತ.

1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರು ನಿವೃತ್ತರಾದರು. 1874ರಿಂದ ತೋಟವನ್ನು ಸಾಕಿ ಬೆಳೆಸಿದವರು ಅವರು. ಗಾಜಿನ ಮನೆ ಎದ್ದುದೂ ಅವರ ಕಾಲದಲ್ಲಿಯೇ. ಅವರ ಸ್ಥಾನಕ್ಕೆ ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಕ್ರುಂಬಿಗಲ್ಲರನ್ನು ಬರಮಾಡಿಕೊಂಡರು. ನಾಲ್ವತ್ತೆರಡು ವರ್ಷದ ಕ್ರುಂಬಿಗಲ್ಲರು ಕನ್ನಡನಾಡಿಗೆ ಹೀಗೆ ಕಾಲಿಟ್ಟವರು ಮತ್ತೆ ನಾಡನ್ನು ಬಿಟ್ಟು ಹೋಗಲಿಲ್ಲ.

ಅವರು ಲಾಲ್‌ಬಾಗನ್ನು ಅಂದದ ತೋಟವೆಂದು ಮಾತ್ರ ಭಾವಿಸಲಿಲ್ಲ. ರೈತನಿಗೆ ಉಪಯೋಗವಾಗದ ತೋಟ ಸಂಸ್ಥಾನಕ್ಕೆ ಹೊರೆಯೆಂಬುದು ಅವರ ನಡವಳಿಕೆಯಿಂದಲೇ ಕಾಣುತ್ತದೆ. ಹೊರದೇಶಗಳ ತೋಟಗಳೊಡನೆ ಬೀಜ, ಸಸಿಗಳ ವಿನಿಮಯ ನಡೆಸಿದರು. ಹಣ್ಣಿನ ಗಿಡ, ತರಕಾರಿ, ಮೇವು, ಹೂವು, ಯಾವುದೇ ಆಗಲಿ, ಮೊದಲು ಲಾಲ್‌ಬಾಗಿನ ಮಣ್ಣಿನಲ್ಲಿ ನೆಟ್ಟು ನೋಡಿ, ಒಗ್ಗಿದುದನ್ನು ಜನರಿಗೆ ಹಂಚುವ ಕ್ರಮವನ್ನು ಬಲಪಡಿಸಿದರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘವು ಸ್ಥಾಪಿತವಾಯಿತು. ಇಂದು ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ಲಕ್ಷಾಂತರ ಜನರನ್ನು ಸೆಳೆಯುವ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳ ಹಿಂದೆ ಆ ಸಂಘದ ದುಡಿಮೆಯಿದೆ.

ಇದಕ್ಕಿಂತ ಹಿರಿದಾದ ಕೆಲಸವೆಂದರೆ ಅವರು ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಶಾಲೆಯನ್ನು ನೆಲೆಗೊಳಿಸಿದುದು. ಬೆಂಗಳೂರಿನಲ್ಲಿ ತೋಟದ ಕೆಲಸ ಬಲ್ಲವರಿಗೆ ಹಿಂದೆಯೂ ಕೊರತೆಯಿರಲಿಲ್ಲ. ತಿಗಳ ಸಮಾಜದವರು ತಲೆತಲಾಂತರದಿಂದ ಹೂವು ತರಕಾರಿಗಳನ್ನು ಬೆಳೆದು ಊರನ್ನು ಸಾಕಿದವರು. ಬೆಂಗಳೂರು ಕರಗವನ್ನು ಹೊರುವವರೂ ಅವರೇ. ಆದರೆ ಆ ಜ್ಞಾನ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಸಾಗುತ್ತಿತ್ತು. ಅದಕ್ಕೆ ಸಂಬಳವಿತ್ತಾದರೂ ಸನ್ಮಾನವಿರಲಿಲ್ಲ. ಮಾಲಿಯ ಕೆಲಸವೂ ಕಲಿತು ಪರೀಕ್ಷೆ ಕೊಟ್ಟು ಹೆಮ್ಮೆಯಿಂದ ಮಾಡಬಹುದಾದ ವಿದ್ಯೆಯೆಂಬುದನ್ನು ಶಾಲೆ ತೋರಿಸಿಕೊಟ್ಟಿತು. ಪಾಠ ಹೇಳುತ್ತಿದ್ದ ಕಟ್ಟಡಕ್ಕೆ ಮುಂದೆ ಕ್ರುಂಬಿಗಲ್ ಹಾಲ್ ಎಂಬ ಹೆಸರೇ ಬಂತು.

ಇನ್ನು ಬೆಂಗಳೂರಿನ ಸಾಲುಮರಗಳ ವಿಷಯ. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳತೊಡಗಬೇಕು, ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು ಎಂಬ ಯೋಜನೆಯನ್ನು ಅವರು ಹಾಕಿಕೊಂಡರು. ಬೆಂಗಳೂರಿನಲ್ಲಿ ನೆಂಟರಿರುವ ನಮ್ಮ ವಾಚಕರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ರಾಜ್ಯೋತ್ಸವದ ಆಜುಬಾಜಿನಿಂದ ಗುಲಾಬಿ ಬಣ್ಣದ ಟಬೆಬೂಯಾ. ಶಿವರಾತ್ರಿಯ ಸುಮಾರಿಗೆ ಹಳದಿ ಟಬೆಬೂಯಾ, ನೀಲಿಯ ಜಕರಂಡ. ಯುಗಾದಿಗೆ ಹೊಂಗೆಯ ಚಿಗುರು. ಬಿಸಿಲೇರಿದಂತೆ ಕಕ್ಕೆಯ ಹಳದಿ, ಗುಲ್‌ಮೊಹರಿನ ಕೆಂಪು. ಇವೆಲ್ಲವನ್ನೂ ಕ್ರುಂಬಿಗಲ್ಲರೊಬ್ಬರೇ ನೆಟ್ಟರೆಂದರೆ ತಪ್ಪಾದೀತು. ಅವರ ತರುವಾಯ ಬಂದ ಜವರಾಯ, ಮರಿಗೌಡರಂಥವರು, 1980ರ ದಶಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ನೇಗಿನಹಾಳರು, ಎಲ್ಲರ ದುಡಿಮೆಯೂ ಇದರಲ್ಲಿ ಸೇರಿದೆ. ಆದರೆ ದಾರಿ ತೋರಿದವರಲ್ಲಿ ಕ್ರುಂಬಿಗಲ್ಲರು ಮೊದಲಿಗರು. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗುಲ್‌ಮೊಹರು ಮಡಗಾಸ್ಕರ್ ದ್ವೀಪದ್ದು. ಜಕರಂಡ, ಟಬೆಬೂಯಾ, ಮಳೆಮರಗಳು ಅಮೆರಿಕ ಖಂಡದವು. ಹೊಂಗೆ, ಕಕ್ಕೆಗಳು ನಮ್ಮವೇ. ಈಗ ಯಾವುದು ನೆಂಟ, ಯಾವುದು ಮನೆಯ ಮಗ ಎಂದು ಬೀದಿಯಲ್ಲಿ ನಡೆಯುವವನು ಕೇಳುವುದಿಲ್ಲ. ಎಲ್ಲವೂ ನೆರಳು ಕೊಡುತ್ತವೆ.

ಆದರೆ ಮನುಷ್ಯರ ವಿಷಯದಲ್ಲಿ ಲೋಕ ಅಷ್ಟು ಉದಾರವಾಗಿರಲಿಲ್ಲ. ಮಹಾಯುದ್ಧ ಬಂತು. ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ನೆಲದಲ್ಲಿ ಗಿಡ ನೆಟ್ಟ ಮಾಲಿಯು ಒಂದೇ ದಿನದಲ್ಲಿ ಶತ್ರುದೇಶದವನಾಗಿ ಕಂಡನು. ಜರ್ಮನರೆಂಬ ಒಂದೇ ಕಾರಣದಿಂದ ಕ್ರುಂಬಿಗಲ್ಲರು ಸಂದೇಹಕ್ಕೊಳಗಾಗಿ ಬಂಧನ ಶಿಬಿರದ ವಾಸವನ್ನು ಅನುಭವಿಸಬೇಕಾಯಿತು. ಈ ಶಿಬಿರಗಳ ನೆನಪು ನಮ್ಮ ಪುಣೆಯ ಸುತ್ತಮುತ್ತಲೂ ಉಂಟು. ಮೊದಲನೆಯ ಯುದ್ಧದಲ್ಲಿ ಭಾರತದಲ್ಲಿದ್ದ ಬಹುಮಂದಿ ಜರ್ಮನರನ್ನು ಇಟ್ಟುದು ಅಹಮದನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ. ಎರಡನೆಯ ಯುದ್ಧದಲ್ಲಿ ನಾವು ಮಳೆಗಾಲದಲ್ಲಿ ವಿಹಾರಕ್ಕೆ ಹೋಗುವ ಪುರಂದರ ಕೋಟೆಯಲ್ಲಿಯೂ ಕೆಲವರನ್ನು ಇರಿಸಿದ್ದರು. ಪರಸ್ಥಳದಲ್ಲಿ ಬಾಳುವವರ ಬದುಕಿನಲ್ಲಿ ಇಂಥ ಒಂದು ದಿನ ಬಂದೀತೆಂಬ ಅಳುಕು ಒಳಗೊಳಗೆ ಇದ್ದೇ ಇರುತ್ತದೆ. ನೆರೆಯವರೊಡನೆ ಎಷ್ಟೇ ಅನ್ಯೋನ್ಯವಾಗಿದ್ದರೂ, ಗಡಿಯ ಗಲಾಟೆಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾವು ಬಸ್ಸಿನಲ್ಲಿ ಕನ್ನಡವನ್ನು ಕೊಂಚ ಮೆಲ್ಲಗೆ ಆಡುವುದಿಲ್ಲವೇ? ಕ್ರುಂಬಿಗಲ್ಲರ ಮೇಲೆ ಬಿದ್ದುದು ಅದರ ನೂರು ಪಾಲು. ಹೀಗಿದ್ದೂ ಅವರು ಮುನಿದು ತಾಯ್ನಾಡಿಗೆ ಹಡಗು ಹತ್ತಲಿಲ್ಲ. ತೋಟಕ್ಕೆ ಹಿಂದಿರುಗಿ ಬಿಟ್ಟ ಕೆಲಸವನ್ನು ಮುಂದುವರಿಸಿದರು. ಅವರ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಇದೇ.

1926ರಲ್ಲಿ ಮಿರ್ಜಾ ಇಸ್ಮಾಯಿಲ್ಲರು ಮೈಸೂರಿನ ದಿವಾನರಾದರು. ಊರು ಅಂದವಾಗಿರಬೇಕೆಂಬ ವಿಷಯದಲ್ಲಿ ಅವರದು ಬಿಡದ ಹಟ. ದಿವಾನರ ಆಸೆಗೆ ಕ್ರುಂಬಿಗಲ್ಲರ ಕೈ ಕೂಡಿತು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಇದಕ್ಕೆ ಪ್ರಸಿದ್ಧ ನಿದರ್ಶನ. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ನೀರಿಳಿಯುವ ಆ ತೋಟದ ವಿನ್ಯಾಸದಲ್ಲಿ ಕ್ರುಂಬಿಗಲ್ಲರ ಪಾತ್ರ ಹಿರಿದು. ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಅಣೆಕಟ್ಟಿನ ಬುಡ ಕಲ್ಲುಮಣ್ಣಿನ ಬೀಳಾಗಿ ಉಳಿಯಬಹುದಾಗಿತ್ತು. ಅದು ನಮ್ಮ ಮಕ್ಕಳ ಶಾಲಾ ಪ್ರವಾಸದ ಸ್ವರ್ಗವಾಯಿತು.

ಅದೇ 1932ರಲ್ಲಿ ಕ್ರುಂಬಿಗಲ್ಲರು ಲಾಲ್‌ಬಾಗಿನ ಅಧಿಕಾರದಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯರು. ಆ ಹುದ್ದೆಯನ್ನು ಪೂರ್ಣವಾಗಿ ವಹಿಸಿಕೊಂಡ ಭಾರತೀಯರಲ್ಲಿ ಅವರೇ ಮೊದಲಿಗರು. ಗಿಡ ನೆಟ್ಟವನಿಗೆ ಗೂಟ ಯಾವಾಗ ತೆಗೆಯಬೇಕೆಂಬುದೂ ತಿಳಿದಿರಬೇಕಷ್ಟೆ. ನಾಡಿನ ಮಕ್ಕಳೇ ಕಲಿತು ನಿಂತರು, ತೋಟ ಅವರ ಕೈ ಸೇರಿತು. ಕ್ರುಂಬಿಗಲ್ಲರು ಬೆಂಗಳೂರಿನಲ್ಲಿಯೇ ನೆಲೆನಿಂತರು.

1956ನೆಯ ಇಸವಿ ಫೆಬ್ರವರಿ 8ರಂದು, ತೊಂಬತ್ತು ವರ್ಷ ತುಂಬಿದ ಕ್ರುಂಬಿಗಲ್ಲರು ಬೆಂಗಳೂರಿನಲ್ಲಿ ಕಾಲವಾದರು. ಹೊಸೂರು ರಸ್ತೆಯ ಕ್ರೈಸ್ತರ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಅದೇ ವರ್ಷದ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅವರು ಅಗಲಿ ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಅವರು ದುಡಿಯುತ್ತಿದ್ದ ಕಾಲದಲ್ಲಿ ವಿಜಾಪುರ, ಬೆಳಗಾವಿ, ಧಾರವಾಡಗಳು ಪುಣೆಯೊಡನೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಕಡೆಯ ಕನ್ನಡಿಗರಿಗೆ ಲಾಲ್‌ಬಾಗು ಬೇರೊಂದು ಸಂಸ್ಥಾನದ ತೋಟ. ಇಂದು ಅದು ಎಲ್ಲ ಕನ್ನಡಿಗರದೂ ಆಗಿದೆ; ನಮ್ಮ ಮಾಲಿಯದೂ ಆಗಿದೆ.

ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಕ್ರುಂಬಿಗಲ್ಲರ ಹೆಸರಿದೆ. ಅವರ ಹೆಸರಿನ ಹಾಲು ಆರೈಕೆಯಿಲ್ಲದೆ ಶಿಥಿಲವಾಗಿ 2017ರ ನವೆಂಬರಿನಲ್ಲಿ ಕುಸಿದುಬಿತ್ತು. ಕಲ್ಲುಗಾರೆಯ ಕಟ್ಟಡವೂ ನೋಡಿಕೊಳ್ಳುವವರಿಲ್ಲದಿದ್ದರೆ ಉಳಿಯುವುದಿಲ್ಲ, ಇನ್ನು ಹುಲ್ಲಿನ ಗತಿಯೇನು? ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಮಾಲಿಯ ಠೇವಣಿಯಲ್ಲಿ ಅಸಲು ಅವನದು, ಬಡ್ಡಿ ಮಾತ್ರ ಮೊಮ್ಮಕ್ಕಳಿಗೆ. ಆದರೆ ದಿನವೂ ಯಾರಾದರೊಬ್ಬರು ನೀರು ಹಾಕುತ್ತಿದ್ದರೆ ಮಾತ್ರ ಆ ಖಾತೆ ನಡೆಯುತ್ತದೆ.

ಕ್ರುಂಬಿಗಲ್ಲರ ಚರಿತ್ರೆಯನ್ನು ಓದಿದ ಮೇಲೆ ನಾವು ಅಂಗಳಕ್ಕಿಳಿದು ನಮ್ಮ ಮಾಲಿಯನ್ನು ಕನ್ನಡದಲ್ಲಿ ಮಾತನಾಡಿಸಿದೆವು. ಅವರು ಖುರ್ಪಿಯನ್ನು ಕೆಳಗಿಟ್ಟು ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿದರು. ಬಳಿಕ ಅವರಿಂದ ತಿಳಿದುದಿಷ್ಟು: ಅವರು ಇಂಡಿ ತಾಲ್ಲೂಕಿನವರು; ಮಳೆ ಕೈಕೊಟ್ಟು, ಬಾವಿ ಬತ್ತಿ, ಊರುಬಿಟ್ಟು ಬಂದವರು. ಹುಲ್ಲು ತೆಗೆಯುವ ಸಭೆಯ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಯಾರು ಯಾರು ಕೈಯೆತ್ತಿದರೆಂಬುದನ್ನು ಅವರು ಕೇಳಲಿಲ್ಲ, ನಾವೇ ಹೇಳಿಕೊಂಡೆವು. ಅದಕ್ಕೆ ಅವರು ಮುನಿಯಲಿಲ್ಲ. ಗರಿಕೆಗೆ ದಿನವೂ ನೀರು ಬೇಕಾಗಿಲ್ಲವೆಂದೂ, ಬೇಸಿಗೆಯಲ್ಲಿ ಒಣಗಿ ಕಂದಾದರೂ ಬೇರು ಸಾಯುವುದಿಲ್ಲವೆಂದೂ, ಮೊದಲ ಮಳೆಗೆ ತಾನಾಗಿ ಚಿಗುರುವುದೆಂದೂ ನಮಗೆ ತಿಳಿಸಿಕೊಟ್ಟರು. ಅಷ್ಟು ದಿನ ನಮ್ಮವರು ಸುರಿಸುತ್ತಿದ್ದ ನೀರೆಲ್ಲ ನಮ್ಮ ಕಣ್ಣಿನ ತೃಪ್ತಿಗಾಗಿತ್ತೇ ಹೊರತು ಹುಲ್ಲಿಗಾಗಿ ಅಲ್ಲ. ಈ ಮಾತನ್ನು ಮುಂದಿನ ಸಭೆಯಲ್ಲಿ ನಾವು ಎದ್ದುನಿಂತು ಹೇಳಬೇಕೆಂದಿದ್ದೇವೆ. ಉಳಿದವರು ಒಪ್ಪುವರೋ ಇಲ್ಲವೋ ಬಲ್ಲವರಾರು. ನಮ್ಮ ಕೈ ಮಾತ್ರ ಆ ಸೂಚನೆಗೆ ಮತ್ತೆ ಏಳದು.

ವಾಚಕರಲ್ಲಿ ನಮ್ಮ ವಿನಂತಿ ಎರಡು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಲಾಲ್‌ಬಾಗನ್ನು ತೋರಿಸುವುದರೊಡನೆ ಪಕ್ಕದ ರಸ್ತೆಯ ಫಲಕವನ್ನೂ ತೋರಿಸಿ, ಅದು ಯಾರ ಹೆಸರೆಂದು ತಿಳಿಸಿಹೇಳಿರಿ. ಎರಡನೆಯದು, ನಿಮ್ಮ ಅಂಗಳದಲ್ಲಿ ಹುಲ್ಲು ಸವರುವವರನ್ನು ಒಮ್ಮೆ ಕನ್ನಡದಲ್ಲಿ ಮಾತನಾಡಿಸಿ ನೋಡಿರಿ. ಅವರು ಕನ್ನಡಿಗರಲ್ಲದಿದ್ದರೂ ನಷ್ಟವೇನಿಲ್ಲ, ಹೆಸರನ್ನಾದರೂ ಕೇಳಿದಂತಾಗುತ್ತದೆ. ಈ ವರ್ಷದ ರಾಜ್ಯೋತ್ಸವಕ್ಕೆ ಇಂಡಿಯ ನಮ್ಮ ಹಿರಿಯರೂ ಮನೆಮಂದಿಯೊಡನೆ ಬರಲಿದ್ದಾರೆ. ಊಟದ ಪಂಕ್ತಿಯಲ್ಲಿ ಅವರು ನಿಮ್ಮ ಪಕ್ಕದಲ್ಲಿ ಕುಳಿತರೆ ಗರಿಕೆಯ ಮಾತು ತೆಗೆಯಿರಿ. ಆಮೇಲೆ ನಿಮಗೆ ಮಾತನಾಡಲು ಸರದಿ ಸಿಕ್ಕುವುದು ಕಷ್ಟ.